ಮೊದಲು ಯಾವುದು

ಬಿಸ್ಕತ್ತಿನ ಡಬ್ಬಿಯಲ್ಲಿ ನೂರಾ ನಲವತ್ತು ಪೌಂಡು.
ಮೇಜಿನ ಮೇಲೆ ಬಿಚ್ಚಿಟ್ಟ ರೆಕಾರ್ಡ್ ಪ್ಲೇಯರು.
ಕಿಟಕಿಯಾಚೆ ಗ್ರೀನಕ್ ಬಂದರು,
ಕ್ರೇನಿನ ಕೊರಳಿಗೆ ಸುತ್ತಿದ ಮಂಜು.

ಭಾವಮೈದ ಲಾಕ್ಲನ್ ಅನ್ನುತ್ತಾನೆ: ಮೊದಲು ಮುಳ್ಳು.
ಸವೆದ ಮುಳ್ಳು ಹಾಡನ್ನು ಓದುವುದಿಲ್ಲ ಮಾರಾಯ,
ಉಳುತ್ತದೆ.

ಅಂಗಡಿಯ ಹುಡುಗಿ, ಒಂದೇ ಕಿವಿಗೆ ಏಳು ರಿಂಗು,
ಬೆಂಕಿಪೊಟ್ಟಣದಷ್ಟು ಪ್ರೀಆಂಪನ್ನು
ಅಂಗೈಯಲ್ಲಿಟ್ಟು ತೋರಿಸಿ ಬೆಲೆ ಹೇಳಿದಳು.
ಮೂಗಿಗಿಂತ ಮೂಗುತಿ ಭಾರ.

ಬೆಲ್ಟು ಹಿಗ್ಗಿದೆ, ನನ್ನ ಸೊಂಟದ ಹಾಗೆ.
ಮೂರೂವರೆ ನಿಮಿಷದ ಹಾಡಿಗೆ
ಹತ್ತು ಸೆಕೆಂಡು ಹೆಚ್ಚು, ಗಡಿಯಾರ ಹಿಡಿದು ಅಳೆದಿದ್ದೇನೆ.
ತೋಳಿನ ಬೇರಿಂಗೂ ಸಡಿಲ.
ಪಟ್ಟಿ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.

ಮೂವತ್ತೊಂದು ವರ್ಷ ಫೆರಿಗಳ ಎಂಜಿನ್ ಕೋಣೆಯಲ್ಲಿದ್ದವನು ನಾನು.
ನಡುಕ ಎಲ್ಲಿ ಹುಟ್ಟಿ ಎಲ್ಲಿಗೆ ಹಾಯುತ್ತದೆಂದು
ಸ್ಪ್ಯಾನರು ಹಲ್ಲಿಗೆ ಕಚ್ಚಿ ಹೇಳಬಲ್ಲೆ.

ಸಂಜೆ, ಪರೀಕ್ಷೆಗೆಂದು, ಪಿಟೀಲಿನ ಹಳೆಯ ಪ್ಲೇಟು ಹಾಕಿ
ಕಣ್ಣು ಮುಚ್ಚಿ ಕೂತಿದ್ದೆ. ತೆರೆದರೆ
ಈಶ್ಬೆಲ್,
ಎರಡು ಕಪ್ ಚಹಾ ಹಿಡಿದು
ತುದಿಗಾಲಲ್ಲಿ ಬರುತ್ತಿದ್ದಾಳೆ.
ಮೂರನೆಯ ಹಲಗೆ ದಾಟಿ,
ಐದನೆಯದನ್ನು ಗೋಡೆಯಂಚಲ್ಲಿ ಮಾತ್ರ ತುಳಿದು.

ಹೀಗ್ಯಾಕೆ ನಡೀತೀಯ?
ಮುಳ್ಳು ಹಾರತ್ತಲ್ಲ.
ಯಾವಾಗಿನಿಂದ?
ಅದು ಮನೆಗೆ ಬಂದಾಗಿನಿಂದ. ಚಹಾ ಆರತ್ತೆ, ಕುಡಿ.

ನೆಲ.
ಪಟ್ಟಿಯಲ್ಲಿ ನೆಲವೇ ಇರಲಿಲ್ಲ.

ಹನ್ನೊಂದು ಪೌಂಡಿಗೆ ಎರಡು ಕಬ್ಬಿಣದ ಬ್ರ್ಯಾಕೆಟ್ಟು,
ಹಡಗಿನಿಂದ ಎಂದೋ ಹೊತ್ತು ತಂದ ತೇಗದ ಹಲಗೆ,
ಗೋಡೆಗೆ ನಾಲ್ಕು ತೂತು.
ಗಾರೆ ಉದುರಿ ಸೋಫಾದ ಮೇಲೆಲ್ಲ ಬಿತ್ತು, ಬೈಸಿಕೊಂಡೆ.

ಮುಳ್ಳು ಅದೇ. ಬೆಲ್ಟು ಅದೇ.
ಹಾಡು ಈಗಲೂ ಹತ್ತು ಸೆಕೆಂಡು ತಡ.
ನಡೆ, ಅಂದೆ.
ನಂಬಲಿಲ್ಲ ಅವಳು. ತಲೆ ಓರೆಮಾಡಿ
ಒಂದು ಹಿಮ್ಮಡಿ ಊರಿ ನಿಂತಳು.
ಪಿಟೀಲು ಹಾರಲಿಲ್ಲ.
ಇನ್ನೊಂದು ಊರಿದಳು.
ಆಮೇಲೆ ಅಡುಗೆಮನೆಗೂ ಕಿಟಕಿಗೂ ಸುಮ್ಮಸುಮ್ಮನೆ
ದಡದಡ ಓಡಾಡಿದಳು, ಕಪಾಟು ತೆಗೆದಳು, ಮುಚ್ಚಿದಳು.
ಪಿಟೀಲು ಏನು ಹೇಳಿತೋ
ಒಂದೂ ಕೇಳಿಸಲಿಲ್ಲ ನನಗೆ.

ನೂರಾ ಇಪ್ಪತ್ತೊಂಬತ್ತು ಉಳಿದಿದೆ.
ಈಗಲಾದರೂ ಮುಳ್ಳು, ಅನ್ನುತ್ತಾನೆ ಲಾಕ್ಲನ್.
ತಡಿಯೋ. ಕೆಳಗಿನ ಮನೆಯ ಮಿಸೆಸ್ ಗಿಲ್‌ಕ್ರಿಸ್ಟ್
ಪೊರಕೆಯ ಕೋಲಿನಿಂದ ಚಾವಣಿ ಕುಟ್ಟುತ್ತಿದ್ದಾರೆ,
ಮೊದಲು ಅವರಿಗೊಂದು ಕೇಕು.