ಜೋಡಿ ಹರಳು

ಖಾಸಬಾಗದ ಐತವಾರ ಸಂತಿಯೊಳಗ
ತುಕ್ಕುಹಿಡಿದ ಚಾವಿಗಳ ಗುಡ್ಡಿ ಕೆಳಗ
ಬೋರಲು ಬಿದ್ದಿತ್ತು. ಮೂರು ಗಾಲಿ. ಮುರಿದ ಬಂಪರು.
ಇಸಾಕಭಾಯಿ ಅಂದ, ಕ್ಯಾಂಪಿನ ಯಾವುದೋ ಸಾಹೇಬರ ಮನಿದು,
ವರ್ಗ ಆಗಿ ಹೋಗುಮುಂದ ಬಿಟ್ಟು ಹೋದದ್ದು,
ಮಗನಿಗೇನ್ರಿ?
ನನಗಽ, ಅಂದೆ.
ನೂರಾ ಇಪ್ಪತ್ತು ಹೇಳಿದವ ಯಾಕೋ ನೂರಕ್ಕ ಬಿಟ್ಟ.

ಉದ್ಯಮಬಾಗದಾಗ ಪಂಪಿನ ಮೋಟರಿಗೆ ತಂತಿ ಸುತ್ತಾಕಿ ನಾ.
ಹದಿನೇಳು ವರ್ಷ. ವಾರ್ನಿಷಿನ ವಾಸನಿ
ಎಷ್ಟು ಒಗದರೂ ಸೆರಗು ಬಿಟ್ಟಿಲ್ಲ.
ಐದು ಎಚ್‌ಪಿ, ಏಳೂವರಿ, ಹತ್ತು,
ಬಾಯಿ ಮಾತಾಡಿದರೂ ಬೆರಳು ತಮ್ಮಷ್ಟಕ್ಕ ಎಣಿಸ್ತಾವ.
ಇದರ ಮೋಟರು ನೋಡಿದರ ಸುಣ್ಣದ ಡಬ್ಬಿಯಷ್ಟು!
ಒಳಗ ಮೂರಽ ಹಲ್ಲು, ಕರ್ರಗ ಸುಟ್ಟು.
ಹಳೆ ತಂತಿ ಬಿಚ್ಚತಾ ಎಣಿಸಿದೆ: ಹಲ್ಲಿಗೆ ಇಪ್ಪತ್ತೇಳು.
ಯಾರೋ ಎಲ್ಲೋ ಕುಂತು ಸುತ್ತಿದ್ದಳು,
ಹೆಣ್ಣಽ ಇರಬೇಕು, ಇಷ್ಟು ಒತ್ತೊತ್ತಿ ಗಂಡಸರು ಸುತ್ತೂದಿಲ್ಲ.
ನಾನೂ ಇಪ್ಪತ್ತೇಳಽ ಸುತ್ತಿದೆ.

ಸೆಲ್ಲಿನ ಗೂಡಿನ್ಯಾಗ ಹಸರ ಹಳಕು.
ಹುಣಸಿ ಹುಳಿ ಹಚ್ಚಿ
ದೇವರ ಸಮೆ ತಿಕ್ಕಿದಂಗ ತಿಕ್ಕಿದೆ.
ಟೈರು ನಮ್ಮವ್ವನ ಹಿಮ್ಮಡದಂಗ ಸೀಳಿದ್ದವು,
ಸೈಕಲ್ ಟ್ಯೂಬು ಕತ್ತರಿಸಿ ತೊಡಿಸಿದೆ.
ಮೈಯ ಬಿರುಕಿಗೆ ಒಳಗಿಂದ
ಸೊಳ್ಳಿಪರದಿ ತುಂಡು, ಮ್ಯಾಲ ಚಪ್ಪಲಿ ಅಂಟು.
ಆ್ಯಂಟೆನಾಕ್ಕ ದವಾಖಾನಿಯ ಸಲೈನ್ ನಳಿಗಿ.

ನಾಲ್ಕನೇ ಗಾಲಿಗೆ ಅಚ್ಚು ಬೇಕಿತ್ತು.
ಜಿನ್ನಪ್ಪ ಊಟದ ಸುಟ್ಟಿಯೊಳಗ
ಮುರಿದ ಡ್ರಿಲ್ ಬಿಟ್ಟು ಲೇಥಿಗೆ ಹಚ್ಚಿದ,
ಬುತ್ತಿ ಬಿಚ್ಚದಽ.
ಎಷ್ಟು ಬೇಕವ್ವಾ?
ನಾಲ್ಕು ಎಂ.ಎಂ., ನೂಲಿನೆಳಿ ಕಡಿಮಿ.
ಇದರ ಮ್ಯಾಲೆ ಯಾವ ಬಾವಿ ನೀರು ಎತ್ತಾಕಿ?
ಉತ್ತರ ಕೊಡಲಿಲ್ಲ. ಅವನೂ ಕಾಯಲಿಲ್ಲ.
ಅಚ್ಚು ಮಾತ್ರ ಕನ್ನಡಿಯಂಗ ಬಂದಿತ್ತು.

ಚಾವಣಿ ಒಳಮೈಗೆ ನೀಲಿ ಶಾಯಿಯ ಹೆಸರು,
ಅಳಿಸಿ ಅಳಿಸಿ ಕಡೀಗೆ ಉಳಿದದ್ದು
"ರೋಲ್ ನಂಬರ್ ೩೪."
ಅಷ್ಟು ಬಿಟ್ಟು ಉಳಿದದ್ದೆಲ್ಲಾ ತೊಳದೆ.

ಎಲ್ಲಾ ಆತು. ಕಾರು ಕಿವುಡಿತ್ತು.
ಒಂದು ಹರಳು ಕಾರಿನ್ಯಾಗ,
ಅದರ ಜೋಡಿ ಕೈಯಾಗಿನ ರಿಮೋಟಿನ್ಯಾಗ.
ಎರಡೂ ಒಂದಽ ನಾಡಿ ಬಡದರಽ
ಹೇಳಿದ್ದು ಕೇಳಸ್ತೈತಿ.
ನನ್ನ ಹಂತ್ಯಾಕ ಅರ್ಧಽ ಇತ್ತು.
ಇನ್ನರ್ಧ ಅಂಬಾಲಾದಾಗೋ, ಜಬಲಪುರದಾಗೋ
ಯಾವ ಡ್ರಾವರಿನ ಮೂಲಿಯೊಳಗೋ.
೩೪ಕ್ಕ ಈಗ ಐವತ್ತು ದಾಟಿರಬೇಕು.
ಸಂತಿಯೊಳಗ ಐದು ಐತವಾರ ಚಾವಿ ತಿರುವಿದೆ.
ಇಸಾಕಭಾಯಿ ಚಾ ಕುಡಿಸಿದ, ಹರಳು ಸಿಗಲಿಲ್ಲ.

ಮೊನ್ನೆ ಸಂಜಿಕ
ಬರೇ ದೀಪ ಹತ್ತತೈತೇನು ನೋಡೂಣಂತ
ಸೆಲ್ ಹಾಕಿ ಕಟ್ಟಿಮ್ಯಾಲೆ ಇಟ್ಟಿದ್ದೆ,
ಮುಂದಿನ ಗಾಲಿ ಎಡಕ್ಕ ಹೊಳ್ಳಿದವು.
ಬಲಕ್ಕ. ಮತ್ತ ಎಡಕ್ಕ.
ನಿದ್ದಿಗಣ್ಣಾಗ ಯಾರೋ ಹೆಸರು ಹಿಡಿದು ಕರದಂಗ
ಮಿಡುಕಿ ಮಿಡುಕಿ ನಿಂತಿತು.

ಹೊರಗ ಬಂದು ನೋಡತೇನಿ:
ಮೋರೆಯವರ ಶ್ರೇಯಸ ಓಣ್ಯಾಗ ಕುಂತಾನ,
ಗಣಪತಿ ಅಂಗಡಿಯ ಪ್ಲಾಸ್ಟಿಕ್ ಕಾರು ಗಟರಿನ್ಯಾಗ ಸಿಕ್ಕೈತಿ,
ರಿಮೋಟು ಒತ್ತೇ ಒತ್ತಾಕ ಹತ್ಯಾನ.
ಅವನ ಹರಳು ಬ್ಯಾರೆ, ಮಾತಿನ ರೀತಿ ಬ್ಯಾರೆ,
ಆದರ ನಾಡಿ ಅದಽ ಇಪ್ಪತ್ತೇಳು.
ನನ್ನದಕ್ಕ ಕೇಳಸ್ತಿತ್ತು, ತಿಳೀವಲ್ದಾಗಿತ್ತು.

ಬಾ, ಅಂದೆ. ಅಂಗಳದಾಗ ಇಟ್ಟೆ.
ಅವ ಮುಂದ ಒತ್ತಿದ, ಅದು ಸುಮ್ಮನ ನಿಂತಿತು.
ಎಡಕ್ಕ ಒತ್ತಿದ,
ಹೋತು ನೋಡು ಗುಂಡು ಹೊಡದಂಗ
ತುಳಸಿಕಟ್ಟಿ ಸುತ್ತಿ, ಕೊಡ ಕೆಡವಿ,
ನೀರಹಂಡೆಗೆ ಹೋಗಿ ಢಣ್!

ಹೊಸ ಬಂಪರು ಎರಡು ತುಂಡು.
ಅಂಗಳ ತುಂಬ ನೀರು, ನೀರಾಗ
ಬೋರಲು ಬಿದ್ದು ನಾಲ್ಕೂ ಗಾಲಿ ತಿರಗತಾವ,
ಇಪ್ಪತ್ತೇಳು ಸುತ್ತಿನ ಸಣ್ಣ ದನಿ.
ಹುಡುಗ ನನ್ನ ಮಾರಿ ನೋಡಿದ,
ಅಳಬೇಕೋ ಓಡಬೇಕೋ ತಿಳೀದ.
ಕಾರು ಎತ್ತಿ ಸೆರಗಿಲೆ ಒರಿಸಿ
ನೆಲಕ್ಕಿಟ್ಟೆ.
ಇನ್ನೊಮ್ಮಿ ಒತ್ತೋ, ಅಂದೆ.