ರಜೆಯಲ್ಲಿರುವಾಗ ವಿಳಾಸ

ರಜಾ ಅರ್ಜಿಯ ಆರನೇ ಕಾಲಂ ಇನ್ನೂ ಖಾಲಿ.
ಹನ್ನೆರಡು ದಿನ ಗಳಿಕೆ ರಜೆ. ಕಾರಣ: ಸ್ವಂತ ಕೆಲಸ.
ಈಜು, ಸೈಕಲ್ಲು, ಓಟ ಅಂತ ಬರೆದರೆ
ಮ್ಯಾನೇಜರ್ ಪಾಲಾಕ್ಷಪ್ಪನವರು ಕನ್ನಡಕ ತೆಗೆದು
ನನ್ನ ಹುಟ್ಟಿದ ತಾರೀಖು ಹುಡುಕುತ್ತಾರೆ.
ರಜೆಯಲ್ಲಿರುವಾಗ ವಿಳಾಸ:
ಅಲ್ಲಿಗೆ ಬಂದು ಪೆನ್ನು ನಿಂತಿದೆ,
ಮೊನ್ನೆ ಜೋಗಿಮಟ್ಟಿಯ ಇಳಿಜಾರಲ್ಲಿ
ನಾನು ನಿಂತ ಹಾಗೆ.

ಡಿಸೆಂಬರಿನ ಆರೂಕಾಲು.
ಬ್ರೇಕು ಹಿಡಿದೆನೋ ಇಲ್ಲವೋ
ಬೆರಳಿಗೆ ಗೊತ್ತಾಗಲಿಲ್ಲ. ಕಾಲೂರಿ, ಎಳೆದಾಡಿ,
ಕಲ್ಲಿಗೆ ಚಕ್ರ ತಾಗಿಸಿ ನಿಂತೆ.
ಗ್ಲೌಸು ಬಿಚ್ಚಿದರೆ ಹತ್ತರಲ್ಲಿ ಏಳು
ಸೀಮೆಸುಣ್ಣದ ಕಡ್ಡಿ.
ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು,
ನಾಲಿಗೆಯಲ್ಲಿ ಉಳಿಯಲಿಲ್ಲ. ಉಳಿದದ್ದು ಇಷ್ಟು:
ಈ ಮೂರು ತಿಂಗಳು ಬೆಚ್ಚಗಿನ ಕಡೆ ಹೋಗಿ ತಯಾರಾಗಿ.

ನೋಟು ಎಣಿಸಿದ ಬೆರಳಿವು. ಇಪ್ಪತ್ತಾರು ವರ್ಷ
ಸಹಕಾರಿ ಬ್ಯಾಂಕಿನ ಜಾಲರಿಯ ಹಿಂದೆ
ಊರಿನ ದುಡ್ಡಿನ ಬೆವರು ಕಂಡವು.
ಹರಕು ನೋಟು ಕತ್ತಲಲ್ಲೂ ಹಿಡಿಯುತ್ತವೆ,
ಈಗ ಚಳಿಯನ್ನೇ ಹಿಡಿಯಲಾರವು.

ರಾತ್ರಿ ಮೆಡಿಕಲ್ ಶಾಪು ಮುಚ್ಚಿ
ಫರ್ಜಾನಾ ಬಂದಳು, ಪೊಟ್ಟಣದಲ್ಲಿ ಮಂಡಕ್ಕಿ.
ನೆಲದ ಮೇಲೆ ಭೂಪಟ ಹರಡಿದೆವು.
ಕಾರವಾರ: ಕಡಲು ಸರಿ,
ಹೆದ್ದಾರಿಯ ಲಾರಿಗಳು ಭುಜ ಸವರುತ್ತವೆ.
ಕನ್ಯಾಕುಮಾರಿ: ಇರುಳಿಗೂ ಇಪ್ಪತ್ಮೂರು ಡಿಗ್ರಿ,
ಆದರೆ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಿ ಎರಡು ರೈಲು.
ಗೋವಾ: ಕ್ರಿಸ್‌ಮಸ್ಸಿನ ರೂಮು ಬಾಡಿಗೆ ಕೇಳಿಯೇ
ಮೈ ಬೆಚ್ಚಗಾಯಿತು.
ಬಳ್ಳಾರಿ, ಅಂದೆ ನಾನು.
ಮಂಡಕ್ಕಿ ನೆತ್ತಿಗೇರಿ ಕೆಮ್ಮಿದಳು ಫರ್ಜಾನಾ:
ಬಿಸಿಲು ಬೇಕು ಅಂತ ಬಳ್ಳಾರಿಗೆ ಹೋದೋರು
ಇವತ್ತಿನವರೆಗೂ ಹುಟ್ಟಿಲ್ಲ ಕಣೆ!

ನೀರಿಗೆ ಐದು ಅಂಕ, ರಸ್ತೆಗೆ ಐದು,
ಖರ್ಚಿಗೆ, ಬಿಸಿಲಿಗೆ, ಊಟಕ್ಕೆ ಇಷ್ಟಿಷ್ಟು.
ಕೂಡಿಸುವುದು ನನ್ನ ಕಸುಬು. ಕೂಡಿಸಿದೆ.
ನಾಲ್ಕು ಊರೂ ಹದಿನಾಲ್ಕಕ್ಕೇ ಬಂದು ಕೂತವು,
ಮಾತಾಡಿಕೊಂಡ ಹಾಗೆ.

ಗುರುವಾರ ಈರುಳ್ಳಿ ದುಡ್ಡು ಕಟ್ಟಲು ಬಂದ ಮಾಳಕ್ಕ
ಪಾಸ್‌ಬುಕ್ ತಗೊಳ್ಳುವಾಗ ಕೈ ತಾಗಿ ಬೆಚ್ಚಿದಳು:
ಏನವ್ವ ಇದು, ಹೆಣದ ಕೈಯಂಗೆ!
ಈಜ್ತೀಯಂತೆ, ನಮ್ ಬಾವಿಗೆ ಬಾ.
ಚಳಿಗಾಲದಾಗೆ ಬಾವಿ ನೀರು
ಕಾಸಿ ಇಳಿಸಿದ ಹಾಲಿನಂಗೆ ಇರ್ತೈತೆ.

ಹಿರೇಗುಂಟನೂರಿನ ಆಚೆ, ಹೊಲದ ನಡುವೆ,
ಎರಡು ವರ್ಷದ ಮಳೆಗೆ ಮೇಲೆದ್ದ ಬಾವಿ.
ಬೆಳಗಿನ ಜಾವ ಅದು ಉಸಿರಾಡುತ್ತಿತ್ತು.
ಮೆಟ್ಟಿಲಿಳಿದು ಬೆರಳದ್ದಿದೆ, ಹೌದು, ಹಾಲು.
ಆದರೆ ಒಂಬತ್ತು ಕೈ ಬೀಸಿದರೆ ಗೋಡೆ,
ತಿರುಗಿದರೆ ಮತ್ತೆ ಗೋಡೆ.
ಮಾಳಕ್ಕನ ಮಗ ಹಳೇ ಸೈಕಲ್ ಟ್ಯೂಬು ತಂದು
ಒಂದು ತುದಿ ಮೋಟಾರಿನ ಪೈಪಿಗೆ,
ಒಂದು ತುದಿ ನನ್ನ ಸೊಂಟಕ್ಕೆ ಕಟ್ಟಿದ.
ಒಂದು ಗಂಟೆ ಈಜಿದೆ.
ಎಲ್ಲಿಗೂ ಹೋಗಲಿಲ್ಲ.
ಪಾರಿವಾಳ ಎರಡು, ಗೋಡೆಯ ಬಿರುಕಿನಿಂದ
ಕತ್ತು ಓರೆ ಮಾಡಿ
ಈ ಪ್ರಯಾಣ ನೋಡಿದವು.

ಸೈಕಲ್ಲಿಗೆ ಹನ್ನೊಂದು ಗಂಟೆ.
ಊರಿನವರು ನೆರಳಿಗೆ ಸರಿಯುವ ಹೊತ್ತಲ್ಲಿ
ಕಾದ ಡಾಂಬರಿನ ಮೇಲೆ ನಾನೊಬ್ಬಳೇ.
ಸಂಜೆ ಓಟ ಮುಗಿಸಿ ಕೋಟೆ ಹಿಂದಿನ ಬಂಡೆಗೆ ಅಂಗೈ ಒತ್ತಿದರೆ
ಹಗಲಿಡೀ ಕೂಡಿಟ್ಟದ್ದನ್ನು
ಬಡ್ಡಿ ಲೆಕ್ಕ ಹಾಕದೆ ಕೊಡುತ್ತದೆ.
ಇಂಥ ಬ್ಯಾಂಕು ನಾನು ಕಂಡಿಲ್ಲ.

ಕಾಲಂ ತುಂಬಿಸಿದೆ:
ಮಾಳಕ್ಕನ ಬಾವಿ, ಹಿರೇಗುಂಟನೂರು ದಾರಿ.
ಪಾಲಾಕ್ಷಪ್ಪನವರು ಕನ್ನಡಕ ತೆಗೆದರು, ಹಾಕಿದರು.
ಇಷ್ಟು ಹತ್ತಿರಕ್ಕೆ ಹನ್ನೆರಡು ದಿನವೇ, ಅಂದರು.
ಆಮೇಲೆ, ಪಿನ್ ಕೋಡ್ ಬರೆದಿಲ್ಲ, ಅಂದರು.
ಬರೆದೆ.
ಏಳರಲ್ಲಿ ಮೂರು
ಇನ್ನೂ ಬೆಳ್ಳಗೇ ಇವೆ.