ಬಾಲದ ಕಡೆಯ ಕಣ್ಣು

ಕಲ್ಬಾ ಪೇಟೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತ
ಎರಡಂತಸ್ತಿನ ಹಲ್ಲಿನ ದವಾಖಾನೆ.
ಬಾಗಿಲ ಎರಡೂ ಪಕ್ಕ ಸಿಮೆಂಟು ಕುಂಡ,
ಕುಂಡದಲ್ಲಿ ಸೈಕಸ್.
ಈಚಲೆನ್ನುತ್ತಾರೆ ಬಂದವರೆಲ್ಲ. ಈಚಲಲ್ಲ.
ಲೋಕದಲ್ಲಿ ಹೂವು ಹುಟ್ಟುವ ಮೊದಲೇ ಹುಟ್ಟಿದ ಗಿಡ;
ವರ್ಷಕ್ಕೊಮ್ಮೆ ಚಿಗುರುತ್ತದೆ,
ಚಿಗುರಿದರೆ ಎಲ್ಲ ಒಟ್ಟಿಗೆ,
ಹಸುಳೆ ಮುಷ್ಟಿ ಬಿಚ್ಚಿದ ಹಾಗೆ.

ಮಾರ್ಚಿಯಲ್ಲಿ ಆ ಮುಷ್ಟಿಯ ಮೇಲೊಂದು ಬಿಳಿ ಚುಕ್ಕೆ.
ಸುಣ್ಣವೇನೋ ಎಂದುಕೊಂಡೆ.
ಮಧ್ಯಾಹ್ನ ಒಂದರಿಂದ ನಾಲ್ಕು ನಮಗೆ ಬಿಡುವು.
ಡಾಕ್ಟರಮ್ಮನ ಭೂತಗನ್ನಡಿ ಮೂಗಿಗೇರಿಸಿ ಬಗ್ಗಿದೆ:
ಸಾಸಿವೆಯ ಕಾಲುಭಾಗ,
ನಡುವೆ ಸಣ್ಣ ತಗ್ಗು,
ಮೈತುಂಬ ಬಲೆಯ ಕೆತ್ತನೆ.
ದಿನವೂ ನೂರಾರು ಹಲ್ಲು ನೋಡುವ ನನಗೆ
ಇಷ್ಟು ಶುಚಿಯಾದ ಬಿಳಿ
ಯಾರ ಬಾಯಲ್ಲೂ ಸಿಕ್ಕಿರಲಿಲ್ಲ.

ಮೂರನೆಯ ದಿನ ಚುಕ್ಕೆ ಖಾಲಿ.
ಎಲೆಯ ಹಸಿರಿಗೇ ಜೀವ ಬಂದ ಹಾಗೆ
ಒಂದು ಎಳೆ ತೆವಳುತ್ತಿತ್ತು.
ತಿಂದಿತು. ತಿಂದಿತು. ಬೇರೆ ಕಸುಬಿಲ್ಲ.
ಮೂರು ಸಲ ತೊಗಲು ಬಿಗಿದು
ಮೂರು ಸಲ ಹರಿದು ಬಿಸಾಡಿತು.
ಒಂದು ಹಸಿರು, ಅದರ ತಮ್ಮ ಪುನರ್ಪುಳಿಯ ಕೆಂಪು,
ತಲೆ ಮಾತ್ರ ಇಬ್ಬರದೂ ಒಳಗೆ,
ಚಳಿಗೆ ಮುಸುಕೆಳೆದವರಂತೆ.

ಆಮೇಲೆ ಇರುವೆ ಬಂದವು.
ಮುಗಿಯಿತು, ಅಂದುಕೊಂಡೆ.
ಅವು ಮೀಸೆಯಿಂದ ಬೆನ್ನು ತಟ್ಟಿದವು.
ಹುಳ ಒಂದು ಹನಿ ಸಿಹಿ ಕೊಟ್ಟಿತು.
ಕುಡಿದು ಸುತ್ತ ಕಾವಲು ನಿಂತವು,
ಪಾಳಿ ಬದಲಾಯಿಸುತ್ತ, ಸಂಬಳಕ್ಕೆ ಮೋಸವಿಲ್ಲದೆ.

ಗುರುವಾರ ಮೊಫಿಜುಲ್ ಬಂದ,
ಬೆನ್ನ ಮೇಲೆ ಔಷಧಿಯ ಡಬ್ಬ.
"ಜೆಸಿಂತಾ ದೀದಿ, ಚಿಗುರು ಬೋಳಾದರೆ
ಮುದೀರ್ ನನ್ನ ತಲೆ ತಿನ್ನುತ್ತಾನೆ."
ಒಂದು ಕುಂಡ ಬಿಡು, ಎಂದೆ.
"ಯಾವ ಲೆಕ್ಕದಲ್ಲಿ?"
ಲೆಕ್ಕ ನನ್ನಲ್ಲೂ ಇರಲಿಲ್ಲ.
ಬಲಗಡೆಯದಕ್ಕೆ ಹೊಡೆದ. ಎಡಗಡೆಯದನ್ನು
ಉರುಳಿಸುತ್ತ ಹಿತ್ತಿಲಿಗೊಯ್ದು
ಎಸಿಯ ನೀರು ತೊಟ್ಟಿಕ್ಕುವ ಗೋಡೆಗೆ ಒರಗಿಸಿ
"ಕಾಯಿಲೆ. ಆಸ್ಪತ್ರೆಗೆ ಸೇರಿಸಿದ್ದೇನೆ" ಎಂದ.

ಸಂಜೆ ಬಲಗಡೆಯ ಕುಂಡದ ಸುತ್ತ
ಇರುವೆಗಳೂ ಉದುರಿದ್ದವು.
ಗುಡಿಸಿದ್ದು ನಾನೇ.

ಯಾವ ಹಡಗಿನ ಯಾವ ಕುಂಡದಲ್ಲಿ
ಇದರ ಮುತ್ತಜ್ಜಿ ಇಲ್ಲಿಗಿಳಿದಳೋ.
"ನಮ್ಮ ಹಾಗೇ ದೀದಿ" ಎಂದ ಮೊಫಿಜುಲ್, ನಗುತ್ತ.
ನನಗೆ ಹಾಗನ್ನಿಸಲಿಲ್ಲ.
ನಮ್ಮ ಪೆಟ್ಟಿಗೆಗಳು ಮಂಚದಡಿ ಅರ್ಧ ಕಟ್ಟಿಯೇ ಇರುತ್ತವೆ.
ಇದಕ್ಕೆ ಪೆಟ್ಟಿಗೆಯೇ ಇಲ್ಲ;
ಎಳೆಯೆಲೆ ಸಿಕ್ಕಲ್ಲಿ ತವರು.

ಎಂಟೊಂಬತ್ತು ದಿನಕ್ಕೆ ಮೇವು ಬಿಟ್ಟು
ಗರಿಯ ಬುಡಕ್ಕಿಳಿದು, ಸೊಂಟಕ್ಕೊಂದು ನೂಲು ಬಿಗಿದು
ಕಂದು ಕಾಳಾಗಿ ಕೂತಿತು.
ವಾರ. ಏನಿಲ್ಲ.
ನಾನು ಇಕ್ಕಳ ಕುದಿಸಿದೆ, ಹತ್ತಿ ಸುತ್ತಿದೆ,
"ಬಾಯಿ ದೊಡ್ಡದು ಮಾಡಿ" ಎಂದು ಮೂರು ಭಾಷೆಯಲ್ಲಿ ಹೇಳಿದೆ.
ಅಲ್ಲಿ, ಆ ಕಾಳಿನ ಕತ್ತಲಲ್ಲಿ,
ಅಗಿಯುವ ದವಡೆ ಕರಗಿ
ಹೀರುವ ನಳಿಗೆ ಸುರುಳಿ ಸುತ್ತುತ್ತಿತ್ತು.
ನೋವಿತ್ತೋ ಇಲ್ಲವೋ. ಯಾರೂ ಮರಗಟ್ಟಿಸುವ ಸೂಜಿ ಕೊಟ್ಟಿರಲಿಲ್ಲ.

ಭಾನುವಾರ ಬೀಗ ತೆಗೆಯುವ ಮೊದಲೇ
ಮುದುಡಿದ ಒದ್ದೆ ಬಟ್ಟೆಯಂತೆ ನೇತಾಡುತ್ತಿತ್ತು.
ಒಣಗಿ ಬಿಚ್ಚಿತು:
ಒಳಗಡೆ ನೇರಳೆ ನೀಲಿ, ಕಪ್ಪು ಅಂಚು,
ಹೆಬ್ಬೆರಳ ಉಗುರಿನಷ್ಟೇ ಅಗಲ.
ಮಡಿಚಿದರೆ ಬೂದಿ, ಬೂದಿಯ ಮೇಲೆ ಬಿಳಿ ಗೆರೆ,
ಕೊನೆಯಲ್ಲಿ ಕಿತ್ತಳೆ ಕುಂಕುಮ,
ಅದರೊಳಗೆ ಕಪ್ಪು ಬೊಟ್ಟು, ಪಕ್ಕದಲ್ಲಿ ನೂಲಿನ ಬಾಲ.
ರೆಕ್ಕೆ ಉಜ್ಜಿತು. ಬಾಲ ಮಿಡಿದು ಮೀಸೆಯಾಯಿತು,
ಬೊಟ್ಟು ಕಣ್ಣಾಯಿತು,
ಹಿಂದು ಮುಂದಾಯಿತು.

ಎಸಿಯ ಕೆಳಗಿನ ಒದ್ದೆ ಮಣ್ಣಿಗಿಳಿದು
ಕುಡಿಯುತ್ತಿದ್ದಾಗ ಗೋಡೆಯ ಹಲ್ಲಿ
ಚಂಗನೆ ಹಾರಿ ತಲೆಗೇ ಬಾಯಿ ಹಾಕಿತು.
ತಲೆಯಲ್ಲ ಅದು.
ಹಲ್ಲಿಯ ಬಾಯಲ್ಲಿ ಒಂಚೂರು ಕಿತ್ತಳೆ,
ಗಾಳಿಯಲ್ಲಿ ಅಂಚು ಹರಿದ ನೀಲಿ.

ಮೇಲಿನಿಂದ ಡಾಕ್ಟರಮ್ಮನ ಗಂಟೆ.
ಕುರ್ಚಿಯಲ್ಲಿ ಮೀನುಪೇಟೆಯ ಮುದುಕ, ಬುತಿ,
ಎರಡು ದಿನದಿಂದ ನಿದ್ದೆಯಿಲ್ಲವಂತೆ.
ಯಾವ ಹಲ್ಲು, ಎಂದು ಕೇಳಿದೆ.
ಕೆನ್ನೆ ಹಿಡಿದು ಬೆರಳಿಟ್ಟು ತೋರಿಸಿದ
ಒಂದು ಗಟ್ಟಿ ಹಲ್ಲನ್ನು.
ನಾನು ಅದರ ಪಕ್ಕದ್ದನ್ನು ತಟ್ಟಿದೆ.